ಕೊನೆಯ ರಾತ್ರಿ ಹಾಲಮ್ಮ ಆಡಿದ ಮಾತು

ಫೆಬ್ರವರಿ 18, ಮಂಗಳವಾರ

ಶಿಬಿರದ ವಿದೇಶಿ ಹುಡುಗರಲ್ಲಿ ಮತ್ತೆ ಮೂವರಿಗೆ ಹೊಟ್ಟೆ ಕೆಟ್ಟಿದೆ. ಮಜ್ಜಿಗೆ, ಗಂಜಿ. ಗಂಜಿಯನ್ನು ಇಂಗ್ಲಿಷಿನಲ್ಲಿ ಏನೆಂದು ವಿವರಿಸಿದರೂ ಮುಖ ಸಿಂಡರಿಸುತ್ತಾರೆ. ಈಗ ಗಂಜಿ ಎಂದೇ ಹೇಳುತ್ತೇನೆ. ಕುಡಿಯುತ್ತಾರೆ.

ಶಾಲೆಯ ಶೌಚಾಲಯ ಮುಗಿಯಿತು. ಈ ಫಿನ್ಲೆಂಡಿನವರು ಬಂದಾಗ ಅಲ್ಲಿ ಬರೀ ಲಂಟಾನದ ಪೊದೆ. ಇವತ್ತು ಹೊರಗೋಡೆಗೆ ನೀಲಿ ಬಳಿದರು. ಅವರಲ್ಲಿ ಐನೊ ಎಂಬ ಹುಡುಗಿ ಮಾತ್ರ ಬಣ್ಣದ ಕಡೆ ಹೋಗಲಿಲ್ಲ. ಎಂದಿನಂತೆ ಬಿಸಿಯೂಟದ ಅಡುಗೆಮನೆಯಲ್ಲಿ ಅಡುಗೆಯ ಹಾಲಮ್ಮನ ಪಕ್ಕ ಕೂತು ಬೀನ್ಸ್ ಮುರಿಯುತ್ತಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ದಿನವಿಡೀ ಮಾತು. ದುಭಾಷಿಯೆಂದು ಇರುವವಳು ನಾನು, ಈ ಊರವಳೇ, ನನ್ನನ್ನು ಕರೆಯುವುದೇ ಇಲ್ಲ.

ಫೆಬ್ರವರಿ 19, ಬುಧವಾರ

ಸಂಜೆ ಶಿವಮೊಗ್ಗದಿಂದ ಶ್ರೀಕಾಂತ್ ಸರ್ ಬಂದರು. ಈ ಶಿಬಿರ ನಡೆಸುವ ಸಂಸ್ಥೆ ಅವರದು. ಹೊಸ ಗೋಡೆ ತಟ್ಟಿ ನೋಡಿ ಖುಷಿಪಟ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ನಾಳೆ ಕೊನೇ ರಾತ್ರಿ ಸುಚಿತ್ರಾ. ಊರವ್ರೆಲ್ಲ ಬರ್ತಾರೆ, ವಿಡಿಯೋ ಆಗುತ್ತೆ. ಚೆನ್ನಾಗಿ ನಡೀತು ಅಂದ್ರೆ ನಿನ್ನ ಪರ್ಮನೆಂಟ್ ಮಾಡ್ಕೊಳ್ಳೋಣ ಅಂತಿದೀನಿ. ಏಪ್ರಿಲ್‌ಗೆ ತೀರ್ಥಹಳ್ಳಿ ಕಡೆ ಇನ್ನೊಂದು ತಂಡ ಬರುತ್ತೆ."

ಖಾಯಂ ಕೆಲಸ! ಬಿ.ಎ. ಮುಗಿದು ಎರಡು ವರ್ಷ...

"ನೀರು?" ಎಂದೆ. ಶೌಚಾಲಯಕ್ಕೆ ಇನ್ನೂ ನೀರಿನ ಲೈನ್ ಇಲ್ಲ.

"ಪಂಚಾಯ್ತಿಗೆ ಎಷ್ಟು ಸಲ ಅಲೆದೆ ಅಂತ ನಿಂಗೊತ್ತು. ಮುಂದಿನ ವರ್ಷದ ಪ್ಲಾನಲ್ಲಿ ಹಾಕಿದಾರಂತೆ. ಈ ಮಕ್ಕಳು ಅಷ್ಟು ದೂರದಿಂದ ಬಂದು ದುಡಿದಿದಾರೆ, ಖುಷೀಲಿ ಹೋಗ್ಲಿ. ಹಾಲಮ್ಮಂಗೆ ಹೇಳಿ ಟ್ಯಾಂಕ್ ತುಂಬ್ಸಿಡು."

ಹೇಳಿದೆ. ಹಾಲಮ್ಮ ಕೊಡ ತೆಗೆದುಕೊಂಡು ಬಾವಿಯ ಕಡೆ ಹೋದಳು. ನಾನೂ ನಾಲ್ಕಾರು ಕೊಡ ಹೊತ್ತೆ. ಹಾಲಮ್ಮ ಏಣಿ ಹತ್ತುವಾಗ ಮೊಣಕಾಲು ಹಿಡಿದುಕೊಂಡು ನಿಲ್ಲುತ್ತಿದ್ದಳು.

ಫೆಬ್ರವರಿ 20, ಗುರುವಾರ — ರಾತ್ರಿ, ಊಟವಾದ ಮೇಲೆ

ನಿದ್ದೆ ಬರುತ್ತಿಲ್ಲ. ಆದದ್ದು ಆದ ಹಾಗೆ ಬರೆದಿಡುತ್ತೇನೆ.

ಶಾಲೆಯಂಗಳದಲ್ಲಿ ಕಾರ್ಯಕ್ರಮ. ಮಕ್ಕಳ ಕೋಲಾಟ. ಫಿನ್ಲೆಂಡಿನವರು ತಮ್ಮ ಹಾಡು ಹಾಡಿದರು, ಇಬ್ಬರು ಅತ್ತರು. ಹೆಡ್ಮಾಸ್ಟರ ಭಾಷಣ, ಮೇಲಿನ ಮನೆ ನಿಂಗಪ್ಪನವರ ಎರಡು ಮಾತು. ಎಲ್ಲವನ್ನೂ ಇಂಗ್ಲಿಷಿಗೆ ಮಾಡಿದೆ. ಸರಾಗವಾಗಿ ಹೋಗುತ್ತಿತ್ತು.

ಆಗ ಐನೊ ಎದ್ದು, ಹಾಲಮ್ಮ ಮಾತಾಡಬೇಕು ಎಂದಳು. ಎಲ್ಲರೂ ಚಪ್ಪಾಳೆ. ಹಾಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು.

"ಎಂತ ಹೇಳ್ಲಿ... ಒಳ್ಳೇ ಮಕ್ಕಳು. ಹಾಕಿದ್ದು ಉಂಡ್ರು, ಬೈದ್ರೆ ನಕ್ರು. ನೀವು ಹೋದ್ರೆ ಅಡುಗೆಮನೆ ಬಿಕೋ ಅನ್ಸುತ್ತೆ." ಸ್ವಲ್ಪ ತಡೆದಳು. "ಕಕ್ಕಸು ಚಂದ ಕಟ್ಟೀರಿ. ಆದ್ರೆ ಅದಕ್ಕೆ ನೀರಿಲ್ಲ. ಇವತ್ತು ಟ್ಯಾಂಕಲ್ಲಿರೋದು ನಾವು ಹೊತ್ತು ಹಾಕಿದ್ದು. ದಿನಾ ಹೊರಕ್ಕೆ ನನ್ನ ಕಾಲು ತಡೆಯಲ್ಲ. ಹೊರಲಿಲ್ಲ ಅಂದ್ರೆ ಹೆಣ್ಮಕ್ಕಳು ಮತ್ತೆ ಗುಡ್ಡಕ್ಕೇ ಹೋಗ್ಬೇಕು. ಇದನ್ನ ಹೇಳ್ಬಾರ್ದಿತ್ತೇನೋ. ಹೇಳ್ದೆ ಇದ್ರೆ ನಂಗೆ ಉಂಡಿದ್ದು ಮೈಗೆ ಹತ್ತಲ್ಲ."

ಕ್ಯಾಮೆರಾ ನನ್ನ ಕಡೆ ತಿರುಗಿತು. ಶ್ರೀಕಾಂತ್ ಸರ್ ತಲೆ ಅಲ್ಲಾಡಿಸಲಿಲ್ಲ, ಕಣ್ಣು ಸನ್ನೆ ಮಾಡಲಿಲ್ಲ. ಸುಮ್ಮನೆ ನೋಡಿದರು. ಅಷ್ಟು ಸಾಕಾಗಿತ್ತು.

ನೀವು ಒಳ್ಳೆಯ ಮಕ್ಕಳು, ಕಟ್ಟಡ ಚೆನ್ನಾಗಿದೆ, ನಿಮ್ಮನ್ನು ನೆನೆಯುತ್ತಾಳೆ — ಇಷ್ಟೇ ಹೇಳಿದೆ.

ಚಪ್ಪಾಳೆ ಶುರುವಾಗಿತ್ತು. ಐನೊ ಮಾತ್ರ ತಟ್ಟಲಿಲ್ಲ. ನನ್ನನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: "ಹಾಲಮ್ಮ ನೀರು ಅಂದಳು. ಇಲ್ಲ ಅಂದಳು. ಅದೆಲ್ಲಿ ಹೋಯಿತು?"

ಅಡುಗೆಮನೆಯಲ್ಲಿ ಕೂತು ಆ ಎರಡು ಪದ ಕಲಿತುಬಿಟ್ಟಿದ್ದಾಳೆ.

ಹಾಲಮ್ಮನಿಗೆ ಇಂಗ್ಲಿಷ್ ಬಾರದು, ಆದರೆ ನಾನು ಏನು ಮಾಡಿದೆನೆಂದು ಗೊತ್ತಾಗಿತ್ತು. ಬೈಯಲಿಲ್ಲ. "ಇರ್ಲಿ ಬಿಡು ಕೂಸೇ" ಎಂದು ಅಡುಗೆಮನೆಗೆ ಹೊರಟಳು. ಆ ಮಾತನ್ನೇ ತಡೆಯಲಾಗಲಿಲ್ಲ.

"ನಿಲ್ಲು ಅಕ್ಕ" ಎಂದೆ. ಆಮೇಲೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಟ್ಯಾಂಕು, ಕೊಡ, ಕಾಲು, ಗುಡ್ಡ. ಮೊದಲು ನಾನು ಇದನ್ನು ಬಿಟ್ಟು ಹೇಳಿದ್ದೆ ಎಂಬುದನ್ನೂ.

ಫಿನ್ಲೆಂಡಿನವರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಶ್ರೀಕಾಂತ್ ಸರ್ ಎದ್ದು ಪಂಚಾಯ್ತಿಯ ಕತೆ ಹೇಳತೊಡಗಿದರು, ನಡುವೆಯೇ ನಿಲ್ಲಿಸಿ ಕೂತರು. ಪಾಪ ಅನ್ನಿಸಿತು. ಅವರು ಅಲೆದದ್ದು ಸುಳ್ಳಲ್ಲ.

ಹಿಂದಿನ ಸಾಲಿನಿಂದ ನಿಂಗಪ್ಪನವರು ಕೇಳಿದರು: "ಮೇಲೆ ಗುಡ್ಡದ ಅಬ್ಬಿ ಝರಿ ನೀರು ಬೇಸಿಗೇಲೂ ಹರೀತದಲ್ಲ, ಅದನ್ನ ಯಾಕೆ ತರಬಾರ್ದು?"

"ನಿಮ್ಮ ಗದ್ದೆ ದಾಟ್ಬೇಕಲ್ಲ ನಿಂಗಪ್ನೋರೆ. ನೀವು ಬಿಡಲ್ಲ ಅಂತ..." ಹೆಡ್ಮಾಸ್ಟರು.

"ಬಿಡಲ್ಲ ಅಂತ ಯಾವಾಗ ಅಂದೆ? ಕೇಳಿದ್ರೆ ತಾನೆ."

ಫಿನ್ಲೆಂಡಿನ ಹುಡುಗರು ನಾಳೆ ಆಗುಂಬೆ ನೋಡಿಕೊಂಡು ಮಂಗಳೂರಿಗೆ ಹೋಗುವವರಿದ್ದರು, ರಾತ್ರಿ ವಿಮಾನ. ಆಗುಂಬೆ ಬೇಡವಂತೆ. ಮಧ್ಯಾಹ್ನದವರೆಗೆ ನೀರಿನ ಪೈಪಿಗೆ ನೆಲ ಅಗೆಯುತ್ತಾರಂತೆ.

ಫೆಬ್ರವರಿ 21, ಶುಕ್ರವಾರ

ಹೋದರು.

ಬೆಳಿಗ್ಗೆ ಸಾಗರದಲ್ಲಿ ಅಂಗಡಿ ಬಾಗಿಲು ತೆಗೆಸಿ ಪೈಪಿನ ಸುರುಳಿಗಳನ್ನು ತಂದವರು ಶ್ರೀಕಾಂತ್ ಸರ್. ಜೀಪಿನಿಂದ ಇಳಿಸಿ, ಪ್ಯಾಂಟು ಮಡಚಿಕೊಂಡು ತಾವೂ ಗುದ್ದಲಿ ಹಿಡಿದರು. ನನ್ನ ಜೊತೆ ಮಾತಾಡಲಿಲ್ಲ. ಅಗೆತ ಅಬ್ಬಿಯಿಂದ ನಿಂಗಪ್ಪನವರ ಗದ್ದೆಯ ಮೇಲಿನ ಅಂಚಿನವರೆಗೆ ಬಂತು, ಅಷ್ಟರಲ್ಲಿ ಬಸ್ಸಿನವನ ಹಾರ್ನ್. ಗದ್ದೆಯಷ್ಟೂ ಬಾಕಿ.

ಐನೊಗೆ ಕೈತುಂಬ ಬೊಬ್ಬೆ. ಹಾಲಮ್ಮ ಕೊಬ್ಬರಿ ಎಣ್ಣೆ ಸವರಿ ಬಟ್ಟೆ ಸುತ್ತಿದಳು. ಇಬ್ಬರೂ ಏನೇನೋ ಮಾತಾಡಿಕೊಂಡರು. ನಾನು ದೂರವೇ ನಿಂತಿದ್ದೆ.

ಫೆಬ್ರವರಿ 26, ಬುಧವಾರ

ಶ್ರೀಕಾಂತ್ ಸರ್ ಫೋನ್. "ತೀರ್ಥಹಳ್ಳಿಗೆ ಬೇರೆಯವ್ರನ್ನ ಗೊತ್ತು ಮಾಡಿದೀನಿ. ತಪ್ಪು ತಿಳ್ಕೋಬೇಡ ಸುಚಿತ್ರಾ. ನೀನು ಹೇಳಿದ್ದು ಸರಿನೇ. ಆದ್ರೆ ನಂಗೆ ಮೊದ್ಲೇ ತಿಳಿಸೋರು ಬೇಕು, ಎಲ್ಲರೆದುರು ಅಲ್ಲ."

ಮೊದಲೇ ತಿಳಿಸಿದ್ದೆ. ನೀರು ಎಂದು ಕೇಳಿದ್ದೆ. ವಾದ ಮಾಡಲಿಲ್ಲ, ಆಯ್ತು ಸರ್ ಎಂದೆ. ಅಮ್ಮನಿಗೆ ಹೇಳಿದಾಗ ಅಳು ಬಂತು. ಅವಳು ಶಿವರಾತ್ರಿಯ ತಂಬಿಟ್ಟು ಉಂಡೆ ಕಟ್ಟುತ್ತಿದ್ದಳು. "ಮುಖ ತೊಳ್ಕೊಂಡು ಬಾ, ಕೈ ಹಚ್ಚು" ಎಂದಳು.

ಮಾರ್ಚ್ 1, ಶನಿವಾರ

ಉಳಿದ ಪೈಪಿನ ಸುರುಳಿ ಹಾಗೇ ಬಿದ್ದಿದೆ. ಇವತ್ತು ಶಾಲೆ ಬಿಟ್ಟ ಮೇಲೆ ನೋಡಿದರೆ ಹಾಲಮ್ಮ ಒಬ್ಬಳೇ ಗದ್ದೆಯಲ್ಲಿ ಅಗೆಯುತ್ತಿದ್ದಾಳೆ. ನಾನೂ ಹೋದೆ. ಒಣಗದ್ದೆ, ಕಲ್ಲಿನ ಹಾಗೆ ಮಣ್ಣು.

"ನಿನ್ ಕೆಲ್ಸ ಹೋಯ್ತಂತಲ್ಲ."

"ಹೂಂ."

"ನನ್ ಬಾಯಿ ಸುಮ್ನಿರ್ಬೇಕಿತ್ತು."

"ಇಲ್ಲ ಅಕ್ಕ. ನಾನು ಮೊದಲ ಸಲವೇ ಸರಿಯಾಗಿ ಹೇಳ್ಬೇಕಿತ್ತು."

ಹಾಲಮ್ಮ ಗುದ್ದಲಿಯಿಂದ ಎದುರು ಬದಿ ತೋರಿಸಿದಳು. "ಹಂಗಾದ್ರೆ ಆ ಬದಿಯಿಂದ ಅಗೀತಾ ಬಾ" ಎಂದಳು.

ಮಾರ್ಚ್ 2, ಭಾನುವಾರ

ಬೆಳಿಗ್ಗೆ ನಿಂಗಪ್ಪನವರು ತಮ್ಮ ಮಕ್ಕಳನ್ನು ಕರೆದುಕೊಂಡು ಬಂದರು. ಇಬ್ಬರು ಹೆಂಗಸರು ಅಗೆಯುತ್ತಿದ್ದರೆ ನೋಡುತ್ತ ಕೂರಲಿಕ್ಕಾಗಲ್ಲ ಎಂದರು. ಆಮೇಲೆ ಇನ್ನೂ ಮೂರು ಮನೆಯವರು. ಸಂಜೆಯ ಹೊತ್ತಿಗೆ ಶಾಲೆಯ ಬೇಲಿ ಮುಟ್ಟಿದೆವು. ಸೊಂಟ ಬಿದ್ದುಹೋಗಿದೆ. ಇವತ್ತು ಇಷ್ಟೇ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಪ್ಲಂಬರ್ ಬಂದು ಪೈಪನ್ನು ಟ್ಯಾಂಕಿಗೆ ಕೂಡಿಸಿದ. ನಿಂಗಪ್ಪನವರು ಅಬ್ಬಿಯ ಹತ್ತಿರ ಪೈಪಿನ ಬಾಯಿ ಬಿಡಿಸಲು ಮೇಲೆ ಹೋಗಿದ್ದಾರೆ. ಹೋಗಿ ಬಹಳ ಹೊತ್ತಾಯಿತು. ಮಕ್ಕಳು ತರಗತಿಯಲ್ಲಿ ನಿಲ್ಲುತ್ತಿಲ್ಲ, ಹೆಡ್ಮಾಸ್ಟರೂ ಬಿಟ್ಟುಬಿಟ್ಟಿದ್ದಾರೆ. ನಾನು ಜಗುಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಹಾಲಮ್ಮ ಏಣಿಯ ಮೇಲಿಂದ ಕರೆಯುತ್ತಿದ್ದಾಳೆ. ಪೈಪಿನಲ್ಲಿ ಬುಸ್ಸೆಂದು ಗಾಳಿ ಬರುತ್ತಿದೆಯಂತೆ. ಗಾಳಿ ಬಂತೆಂದರೆ ಅದರ ಹಿಂದೆಯೇ —