ಸುದ್ದಿ ತರುವವಳು

ಜನವರಿ 7, ಭಾನುವಾರ

ಸಿದ್ಧಾರ್ಥನಗರದಲ್ಲಿ ರಿಹರ್ಸಲ್. ಮತ್ತೆ ಬೈಗುಳ. ಗ್ರೀಕ್ ನಾಟಕದಲ್ಲಿ ಸಾವನ್ನು ರಂಗದ ಮೇಲೆ ತೋರಿಸುವುದಿಲ್ಲ. ಒಳಗೆ ನಡೆದದ್ದನ್ನು ದೂತ ಬಂದು ಹೇಳಬೇಕು. ಆ ದೂತ ನಾನು. ರಾಣಿಗೆ ಮಗ ಸತ್ತ ಸುದ್ದಿ ತರಬೇಕು. ನಾನೋ — ಕಣ್ಣೀರು, ತೊದಲು, ಅರ್ಧ ನಿಮಿಷ ಪೀಠಿಕೆ. ಡೈರೆಕ್ಟರ್ ವಿಶ್ವನಾಥ್ ಸರ್‌ಗೆ ರೇಗಿತು. "ಅಳೋದು ರಾಣಿ ಕೆಲಸ ಕಣ್ರೀ. ನೀವು ಬಂದು ಹೇಳ್ಬುಡಿ, ಅಷ್ಟೆ." ಏಂಜೆಲ್ ಅನ್ನುವ ಪದಕ್ಕೂ ಗ್ರೀಕರಲ್ಲಿ ಸುದ್ದಿ ತರುವವ ಅಂತಲೇ ಅರ್ಥವಂತೆ. ರೆಕ್ಕೆ ಹಚ್ಚಿದ್ದು ಆಮೇಲಂತೆ.

ಮಗನ ಪಾರ್ಟು ಅಭಿಲಾಷನದು. ಸಾಯುವುದು ಒಳಗಾದ್ದರಿಂದ ಎರಡನೇ ಸೀನ್‌ಗೇ ಬಿಡುಗಡೆ. "ಮಧಕ್ಕ, ನಾನ್ ಸತ್ತಾಯ್ತು, ಬರ್ಲಾ?" ಹೆಲ್ಮೆಟ್ ಹಾಕಿಕೊಂಡು ದಟ್ಟಗಳ್ಳಿಗೆ ಹೊರಟೇಬಿಟ್ಟ. ಮನೆಯಲ್ಲಿ ಅವನಮ್ಮ ಒಬ್ಬರೇ.

ಜನವರಿ 11, ಸಂಜೆ 7

ಇವತ್ತೇ ಬರೆದಿಡಬೇಕು.

ಮಧ್ಯಾಹ್ನ ರಿಂಗ್ ರೋಡ್‌ನಲ್ಲಿ ಲಾರಿ. ಅಭಿ ಸ್ಥಳದಲ್ಲೇ ಹೋದ. ಪೊಲೀಸರಿಗೆ ಅವನ ಫೋನಿನಲ್ಲಿ ಸಿಕ್ಕ ಕೊನೆಯ ನಂಬರ್ ಸರ್‌ದು. ಸರ್ ನನಗೆ ಫೋನ್ ಮಾಡಿದರು. "ಮಧು, ಅವರಮ್ಮನಿಗೆ ನೀವೇ ಹೋಗಿ ಹೇಳ್ಬುಡಿ. ನಿಮಗೆ ಅಭ್ಯಾಸ ಇದೆಯಲ್ಲ." ಅಭ್ಯಾಸ! ಎದುರಿಗಿದ್ದಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ. ಹೋದೆ.

ಅಭಿಯ ಅಮ್ಮ ಸಿದ್ದಲಿಂಗಮ್ಮ ಬಾಗಿಲಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದರು. "ಬಾರವ್ವ" ಅಂದರು. ನನ್ನ ಬಾಯಿಂದ ಬಂದದ್ದು — "ಅಭಿಗೆ ಸ್ವಲ್ಪ ಪೆಟ್ಟಾಗಿದೆ ಅಮ್ಮ. ಆಸ್ಪತ್ರೆಲಿದಾನೆ." ಎಲ್ಲರೂ ಹೇಳುವ ಹಾಗೆ. ಅಪ್ಪ ಹೋದಾಗ ನನಗೂ 'ಸೀರಿಯಸ್' ಅಂತಲೇ ಹೇಳಿ ಕರೆಸಿದ್ದರು.

ಒಗೆದ ಲುಂಗಿ, ಟವೆಲ್ ಚೀಲಕ್ಕೆ ಹಾಕಿಕೊಂಡರು. ಗಂಜಿಗೆ ಇಟ್ಟರು. ಇಪ್ಪತ್ತು ನಿಮಿಷ... ನಾನು ಪಕ್ಕದಲ್ಲೇ ನಿಂತಿದ್ದೆ.

"ಉಪ್ಪಾಕ್ಬೋದಾ? ಡಾಕ್ಟ್ರೇನಂದ್ರು?"

"ಹಾಕಿ ಅಮ್ಮ" ಅಂದೆ.

ಆಟೋದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹರಕೆ ಹೊತ್ತರು. ಆಗಲೂ ಹೇಳಲಿಲ್ಲ. ಶವಾಗಾರದವನು ಮಾತಾಡದೆ ಬಟ್ಟೆ ಸರಿಸಿದ. ಗಂಜಿ ಡಬ್ಬಿ ಅವರ ಕೈಯಲ್ಲೇ ಇತ್ತು.

ಜನವರಿ 21, ಭಾನುವಾರ

ಹನ್ನೊಂದನೇ ದಿನದ ಕಾರ್ಯ. ಹೋಗದಿರಲು ಬೆಳಿಗ್ಗೆಯಿಂದ ನೆಪ ಹುಡುಕಿದೆ. ಹೇಡಿ ನಾನು. ಕೊನೆಗೆ ಹೋದೆ.

ಸಿದ್ದಲಿಂಗಮ್ಮ ನನ್ನ ಕೈ ಹಿಡಿದು ಸೀದಾ ಅಡುಗೆಮನೆಗೆ ಕರೆದೊಯ್ದರು. ಒಲೆ ಮುಂದೆ ನಿಲ್ಲಿಸಿದರು.

"ನಿಂಗ್ ಗೊತ್ತಿತ್ತು. ಗೊತ್ತಿದ್ದೂ ಸತ್ತ ಮಗೀಗೆ ನನ್ ಕೈಲಿ ಗಂಜಿ ಕಾಯಿಸ್ಬುಟ್ಟಲ್ಲವ್ವ."

ಕಾಲು ಹಿಡಿಯಲು ಬಗ್ಗಿದೆ. ರಟ್ಟೆ ಹಿಡಿದು ನಿಲ್ಲಿಸಿದರು.

"ಕಾಲ್ ಬ್ಯಾಡ. ಅಲ್ಲೂ ಬಟ್ಟೆ ತಗ್ದು ತೋರುಸ್ಬುಟ್ರು, ಅಷ್ಟೇಯ. ಇವತ್ಗೂ ನಂಗ್ಯಾರೂ ಬಾಯ್ಬುಟ್ಟು ಹೇಳಿಲ್ಲ. ನೀನ್ ಹೇಳು. ಅವತ್ತು ಹೇಳ್ಬೇಕಿದ್ದುದ್ನ ಈಗ್ ಹೇಳು."

ಹೊರಗೆ ಊಟಕ್ಕೆ ಎಲೆ ಹಾಕುತ್ತಿದ್ದರು. ನಾಟಕದ ಮಾತು ಒಂದೂ ನೆನಪಾಗಲಿಲ್ಲ. ಅಳಲಿಲ್ಲ. ಅವರ ಮುಖ ನೋಡಿಕೊಂಡೇ ಹೇಳಿದೆ — "ಅಮ್ಮ, ನಿಮ್ಮ ಮಗ ಅಭಿಲಾಷ್ ಗುರುವಾರ ಮಧ್ಯಾಹ್ನ ಎರಡೂವರೆಗೆ ರಿಂಗ್ ರೋಡ್‌ನಲ್ಲಿ ಲಾರಿ ಗುದ್ದಿ ಸತ್ತುಹೋದ."