ಗಾಜು ಒಡೆದಿದೆ ಎಂದವನನ್ನು ಯಂತ್ರ ಎಂದವರಿಗೆ

ಮಾನ್ಯರೇ,

ನಿಮ್ಮ ತುರ್ತು ಸನ್ನದ್ಧತಾ ಇಲಾಖೆ ಕಳೆದ ವಾರ ಹೊರತಂದ ವಿಚಾರಣಾ ವರದಿಯ ನಲವತ್ತೊಂದನೆಯ ಪುಟದಲ್ಲಿ ಒಂದು ಸುಳ್ಳಿದೆ. "ತಡೆಗೋಡೆ ಕುಸಿಯುವ ಮುನ್ನ ಸಾರ್ವಜನಿಕ ಮೂಲಗಳಲ್ಲಿ ಯಾವುದೇ ಸ್ಪಷ್ಟ ಮುನ್ಸೂಚನೆ ಲಭ್ಯವಿರಲಿಲ್ಲ" ಎಂದು ಅಲ್ಲಿ ಬರೆದಿದ್ದೀರಿ. ಲಭ್ಯವಿತ್ತು. ಫೋಟೋ ಸಮೇತ, ಹನ್ನೊಂದು ಸಲ ಲಭ್ಯವಿತ್ತು. ಅದು ಯಾರ ಕಣ್ಣಿಗೂ ಬೀಳದಂತೆ ಮಾಡಿದವಳು ನಾನು. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತನ್ನು ನೀವು ಧಾರಾಳವಾಗಿ ನಂಬಬಹುದು.

ನನ್ನ ಪರಿಚಯ ನಿಮಗಿರಲಾರದು. ನಿಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ, ಲಿಫ್ಟಿನ ಎಡಗಡೆ, ಕಿಟಕಿಗಳಿಗೆಲ್ಲ ಕಪ್ಪು ಹಾಳೆ ಅಂಟಿಸಿದ ಒಂದು ಹಾಲ್ ಇದೆ. ಅಲ್ಲಿ ಇಪ್ಪತ್ತನಾಲ್ಕು ಕುರ್ಚಿಗಳಿವೆ, ಅದರಲ್ಲೊಂದು ನನ್ನದು. ಆರು ವರ್ಷದಿಂದ ಗುತ್ತಿಗೆಯ ಮೇಲಿದ್ದೇನೆ. ನಮ್ಮ ಕೆಲಸ ಓದುವುದು. ನಾವು ಯಾರ ಫೋನನ್ನೂ ಕದ್ದು ಕೇಳುವುದಿಲ್ಲ, ಯಾರ ಪತ್ರವನ್ನೂ ಒಡೆಯುವುದಿಲ್ಲ. ಜನ ಎಲ್ಲರಿಗೂ ಕಾಣುವಂತೆ ಏನೇನು ಬರೆಯುತ್ತಾರೋ, ಏನೇನು ಫೋಟೋ ಹಾಕುತ್ತಾರೋ, ಅದನ್ನೆಲ್ಲ ಜರಡಿ ಹಿಡಿದು, ನಾಡಿನ ಭದ್ರತೆಗೆ ಕುತ್ತು ತರುವ ಮಾತು ಯಾವುದು, ಬೆಂಕಿಯೋ ನೀರೋ ಬರುವ ಸುಳಿವು ಯಾವುದು ಎಂದು ಹೆಕ್ಕಿ ಮೇಲಕ್ಕೆ ಕಳಿಸುತ್ತೇವೆ. ಇದಕ್ಕೆಂದು ನೀವು ಒಂದು ಕಂಪನಿಯಿಂದ ಜರಡಿ ಹಿಡಿಯುವ ಕಂಪ್ಯೂಟರ್ ಸೇವೆ ಕೊಂಡಿರಿ. ಉದ್ಘಾಟನೆಯ ದಿನ ಮೈಕಿನ ಮುಂದೆ ನಿಂತು, "ಇನ್ನು ನೀವು ಕಚೇರಿಗೆ ಅಲೆಯಬೇಕಿಲ್ಲ, ಫೋನ್ ಹಿಡಿದು ಕಾಯಬೇಕಿಲ್ಲ. ನಮ್ಮ ಜಾಲಪುಟದಲ್ಲಿ ಬರೆಯಿರಿ ಸಾಕು, ಪ್ರತಿಯೊಂದನ್ನೂ ಓದುತ್ತೇವೆ" ಎಂದಿರಿ. ನನ್ನ ಸೋದರಮಾವ ಅದನ್ನು ಟೀವಿಯಲ್ಲಿ ಕೇಳಿದ. ಪಾಪ, ನಂಬಿಬಿಟ್ಟ.

ಸೇವೆ ಕೆಲಸವನ್ನೇ ಮಾಡುವುದಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಹೋದ ವರ್ಷ ಒಬ್ಬ ಕ್ಷೌರಿಕ ತನ್ನ ಅಂಗಡಿಯ ಪುಟದಲ್ಲಿ, "ಮಂತ್ರಿಗಳ ಭಾಷಣದ ಭಾರಕ್ಕೆ ವೇದಿಕೆ ಕುಸಿದೀತು, ಸ್ವಲ್ಪ ದೂರ ನಿಲ್ಲಿ" ಎಂದು ಬರೆದ. ಹನ್ನೆರಡು ನಿಮಿಷದಲ್ಲಿ ಕೆಂಪು ಸೂಚನೆ ಮೇಲೆ ಹೋಯಿತು. ನಲವತ್ತನೆಯ ನಿಮಿಷಕ್ಕೆ ಅಂಗಡಿಯ ಬಾಗಿಲಲ್ಲಿ ಜೀಪು. ಒಂದು ಕೆನ್ನೆ ಬೋಳಿಸಿಕೊಂಡು ಇನ್ನೊಂದಕ್ಕೆ ನೊರೆ ಹಚ್ಚಿಕೊಂಡು ಕೂತಿದ್ದ ಗಿರಾಕಿಯನ್ನೂ ಸಾಕ್ಷಿಗೆಂದು ಹಾಗೇ ಹತ್ತಿಸಿಕೊಂಡು ಹೋದರಂತೆ. ಅಂದು ನೀವೇ ಮೂರನೆಯ ಮಹಡಿಗೆ ಬಂದು ನಮ್ಮ ಬೆನ್ನು ತಟ್ಟಿದಿರಿ. ನಾಡಿನಲ್ಲಿ ಒಂದು ಸೊಳ್ಳೆ ಕೆಮ್ಮಿದರೂ ನಮಗೆ ಗೊತ್ತಾಗಬೇಕು ಎಂದಿರಿ. ನಾವು ಚಪ್ಪಾಳೆ ಹೊಡೆದೆವು.

ಈಗ ನನ್ನ ಮಾವನ ಕಥೆ ಕೇಳಿ. ಅವನು ಗಾರೆ ಮೇಸ್ತ್ರಿ. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ತೀರಿಕೊಂಡ. ಆಮೇಲೆ ನನ್ನನ್ನೂ ಅಮ್ಮನನ್ನೂ ಸಾಕಿದ್ದು ಇವನ ಗಾರೆ ಮೆತ್ತುವ ಕರಣೆ. ವಯಸ್ಸಾದ ಮೇಲೆ ಅವನೂ ಅತ್ತೆಯೂ ಗಿರಣಿ ಕಾರ್ಮಿಕರ ಹಳೆಯ ಮನೆಸಾಲಿನಲ್ಲಿದ್ದರು. ಹದಿನಾಲ್ಕು ಮನೆ, ಹಿಂದೆ ಇಪ್ಪತ್ತಡಿ ಎತ್ತರದ ತಡೆಗೋಡೆ, ಗೋಡೆಯ ಮೇಲೆ ಲಾರಿ ಓಡಾಡುವ ರಸ್ತೆ. ಎರಡು ವರ್ಷದ ಹಿಂದೆ ಆ ಗೋಡೆಯಲ್ಲಿ ಒಂದು ಬಿರುಕು ಕಾಣಿಸಿತು. ಮಾವ ಅರ್ಜಿ ಕೊಟ್ಟ. ಒಬ್ಬ ಎಂಜಿನಿಯರ್ ಬಂದು, ಎರಡು ಮಾರು ದೂರದಿಂದಲೇ ನೋಡಿ, "ಗಮನಿಸಲಾಗುತ್ತಿದೆ" ಎಂದು ಬರೆದು ಹೋದ. ಯಾರು ಗಮನಿಸುತ್ತಾರೆ ಎಂದು ಬರೆದಿರಲಿಲ್ಲವಾದ್ದರಿಂದ ಮಾವ ತಾನೇ ಗಮನಿಸತೊಡಗಿದ.

ಗಾರೆಯವರು ಇದಕ್ಕೆ ಒಂದು ಉಪಾಯ ಮಾಡುತ್ತಾರೆ. ಬಿರುಕಿಗೆ ಅಡ್ಡವಾಗಿ ಒಂದು ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತುತ್ತಾರೆ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಸೀಳುತ್ತದೆ. ಮಾವ ದಿನಾ ಬೆಳಿಗ್ಗೆ ಚಹಾ ಕುಡಿದು, ಆರೂ ಹತ್ತಕ್ಕೆ ಆ ಗಾಜಿನ ಫೋಟೋ ತೆಗೆದು ನಿಮ್ಮ ಪುಟಕ್ಕೆ ಹಾಕುತ್ತಿದ್ದ. ಕೆಳಗೆ ಒಂದೇ ಮಾತು: "ಗಾಜು ಹಾಗೇ ಇದೆ. ಗೋಡೆ ಅಲುಗಿಲ್ಲ." ಅತ್ತೆ ನನ್ನ ಮುಂದೆ ಅವನನ್ನು ರೇಗಿಸುತ್ತಿದ್ದಳು: "ಮದುವೆಯಾಗಿ ಮೂವತ್ತೈದು ವರ್ಷ ಆಯ್ತು, ನಂದು ನಾಲ್ಕು ಫೋಟೋ ಇಲ್ಲ. ಆ ಗೋಡೇದು ನಾನೂರಿದೆ ನೋಡೇ!" ಮಾವ ನಗುತ್ತಿದ್ದ. "ನೀನು ಬಿರುಕು ಬಿಟ್ಟಿಲ್ವಲ್ಲ, ಅದಕ್ಕೆ" ಎನ್ನುತ್ತಿದ್ದ.

ಒಮ್ಮೆ ನಾನೇ ಕೇಳಿದ್ದೆ, "ಏನೂ ಆಗಿಲ್ಲ ಅಂತ ದಿನಾ ಯಾಕೆ ಬರೀತೀಯ ಮಾವ? ಆದಾಗ ಬರೆದ್ರೆ ಸಾಲದಾ?"

"ಏನೂ ಆಗಿಲ್ಲ ಅನ್ನೋದೂ ಸುದ್ದೀನೇ ಕಣೇ. ದಿನಾ ಇಲ್ಲ ಅಂದವನು ಒಂದಿನ ಇದೆ ಅಂದ್ರೆ ತಾನೇ ನಂಬೋದು? ಯಾವತ್ತೂ ಬಾಯಿ ಬಿಡದವನು ದಿಢೀರಂತ ಕೂಗಿದ್ರೆ, ಇವನ್ಯಾವನೋ ಹುಚ್ಚ ಅಂತಾರೆ." ಆಮೇಲೆ ನನ್ನ ಮುಖ ನೋಡಿ ಕೇಳಿದ, "ಓದ್ತಾರೆ ತಾನೇ ನಿಮ್ಮೋರು?"

"ಓದ್ತಾರೆ ಮಾವ" ಎಂದೆ.

ಓದುತ್ತಿದ್ದೆವು, ಸುಳ್ಳಲ್ಲ. ಅವನು ನನ್ನ ಮಾವ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಹಾಲಿನಲ್ಲಿ ಅವನಿಗೆ ಗಾಜಜ್ಜ ಎಂದು ಹೆಸರು ಬಿದ್ದಿತ್ತು. ಪಕ್ಕದ ಕುರ್ಚಿಯವಳು ಬೆಳಿಗ್ಗೆ ಬಂದವಳೇ, "ನೋಡ್ರೇ, ಗಾಜಜ್ಜ ಹಾಜರಿ ಹಾಕಿದ" ಎನ್ನುವಳು. ಎಲ್ಲರೂ ನಗುವರು. ಮಾನ್ಯರೇ, ನಾನೂ ನಗುತ್ತಿದ್ದೆ.

ಆಮೇಲೆ ನಿಮ್ಮ ಹೊಸ ನಿಯಮ ಬಂತು. ಸುಳ್ಳು ಖಾತೆಗಳ ಕಾಟ ಹೆಚ್ಚಾಗಿದೆ, ಆದ್ದರಿಂದ ಮೂವತ್ತು ದಿನ ಒಂದೇ ಹೊತ್ತಿಗೆ, ಒಂದೇ ಥರದ ಚಿತ್ರ, ಒಂದೇ ಮಾತು ಹಾಕುವ ಖಾತೆಯನ್ನು ಯಂತ್ರವೆಂದು ತಿಳಿದು ಮೌನಪಟ್ಟಿಗೆ ಸೇರಿಸಬೇಕು ಎಂದು. ಮೌನಪಟ್ಟಿ ಎಂದರೇನೆಂದು ಓದುಗರಿಗೆ ತಿಳಿಯಲಿ: ಅದರಲ್ಲಿರುವವರು ಬರೆಯಬಹುದು, ಬರೆದದ್ದು ಅವರ ಫೋನಿನಲ್ಲಿ ಕಾಣುತ್ತದೆ, ನಮ್ಮ ಪರದೆಗೆ ಬರುವುದಿಲ್ಲ. ತಮ್ಮ ಬಾಯಿ ಕಟ್ಟಿದ್ದಾರೆಂದು ಅವರಿಗೇ ಗೊತ್ತಾಗುವುದಿಲ್ಲ. ಎಂಥ ಸಭ್ಯ ಏರ್ಪಾಡು ನೋಡಿ!

ಒಂದು ಮಧ್ಯಾಹ್ನ ನನ್ನ ಪರದೆಯ ಮೇಲೆ ಮಾವನ ಖಾತೆ ಬಂತು. ಕೆಳಗೆ ಎರಡು ಗುಂಡಿ: "ಯಂತ್ರ", "ಮನುಷ್ಯ". ಯಂತ್ರ ಎಂದರೆ ಒಂದೇ ಒತ್ತು, ಕೆಲಸ ಮುಗಿಯಿತು. ಮನುಷ್ಯ ಎಂದರೆ ಎರಡು ಪುಟದ ನಮೂನೆ ತುಂಬಬೇಕು. ಈ ಖಾತೆ ಮನುಷ್ಯನದೆಂದು ನಿಮಗೆ ಹೇಗೆ ಗೊತ್ತು? ಅವರೊಂದಿಗೆ ನಿಮ್ಮ ಸಂಬಂಧವೇನು? ಏನೆಂದು ತುಂಬಲಿ? ಇವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಎಂದೇ? ಸೂಪರ್‌ವೈಸರ್ ಬೆನ್ನ ಹಿಂದೆಯೇ ನಿಂತಿದ್ದ. ಪಕ್ಕದವಳು "ಅಯ್ಯೋ, ಗಾಜಜ್ಜಂಗೆ ಟಾಟಾ" ಎಂದಳು. ನನ್ನವರಿಗೆ ರಿಯಾಯಿತಿ ಮಾಡಿದೆ ಎಂದಾರು ಎಂಬ ಅಳುಕು ಒಂದು. ಇಷ್ಟು ದಿನ ನಕ್ಕಿದ್ದು ಸ್ವಂತ ಮಾವನನ್ನೇ ಎಂದು ಬಯಲಾದೀತೆಂಬ ನಾಚಿಕೆ ಇನ್ನೊಂದು. ನಾನು "ಯಂತ್ರ" ಒತ್ತಿದೆ. ನಿಷ್ಪಕ್ಷಪಾತ ನೌಕರಳಾದೆ. ಮನೆಗೆ ಹೋದ ಮೇಲೆ ಮಾವನಿಗೆ ಫೋನ್ ಮಾಡಿ ಹೇಳಬೇಕು ಎಂದುಕೊಂಡೆ. ನಾಳೆ ಹೇಳಿದರಾಯಿತು ಎಂದು ಐದು ವಾರ ತಳ್ಳಿದೆ.

ಆ ದಿನ ಬೆಳಿಗ್ಗೆ ಆರೂ ಹತ್ತಕ್ಕೆ ಗಾಜು ಎರಡಾಗಿತ್ತು. ಮಾವ ಫೋಟೋ ಹಾಕಿ ಬರೆದ: "ಗಾಜು ಒಡೆದಿದೆ. ಗೋಡೆ ಅಲುಗಿದೆ. ಹದಿನಾಲ್ಕು ಮನೆ ಇವೆ. ಬೇಗ ಬನ್ನಿ." ಆಮೇಲೆ ಮನೆಮನೆಯ ಬಾಗಿಲು ಬಡಿದ. ಆರೇಳು ಮನೆಯವರು ಅವನ ಮಾತಿಗೆ ಹೊರಬಂದರು. ಉಳಿದವರು ಫೋನ್ ನೋಡಿಕೊಂಡು, "ಸರ್ಕಾರದಿಂದ ಮೆಸೇಜ್ ಬಂದಿಲ್ವಲ್ಲ ಮೇಸ್ತ್ರಿ, ಬಂದ್ಮೇಲೆ ಹೋಗೋಣ ಬಿಡಿ" ಎಂದರು. ಅವರ ತಪ್ಪೇನು? ವದಂತಿಗೆ ಕಿವಿಗೊಡಬೇಡಿ, ಇಲಾಖೆಯ ಸಂದೇಶ ಬಂದರೆ ಮಾತ್ರ ಜಾಗ ಬಿಡಿ ಎಂದು ಗೋಡೆಗೋಡೆಗೂ ಅಂಟಿಸಿದವರು ನೀವೇ ಅಲ್ಲವೇ?

ಮಾವ ನನಗೂ ಏಳು ಸಲ ಫೋನ್ ಮಾಡಿದ. ನನ್ನ ಫೋನ್ ಬಾಗಿಲ ಬಳಿಯ ಲಾಕರಿನಲ್ಲಿತ್ತು. ಭದ್ರತೆಯ ದೃಷ್ಟಿಯಿಂದ ಒಳಗೆ ಒಯ್ಯುವಂತಿಲ್ಲ. ಅವನು ರಸ್ತೆಯ ತಿರುವಿನಲ್ಲಿ ನಿಂತು ಮತ್ತೆ ಬರೆದ. ಮತ್ತೆ. ಹೀಗೆ ಹನ್ನೊಂದು ಸಲ. ಅತ್ತೆ ಕೊನೆಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಮುದುಕಿಯನ್ನು ಎಬ್ಬಿಸಿ ಕೂರಿಸುತ್ತೇನೆಂದು ಹೋದಳು. "ನೀವು ಬರೀತಾ ಇರಿ, ಅವರು ಬರೋಷ್ಟರಲ್ಲಿ ಇವಳಿಗೆ ಸೀರೆ ಸುತ್ತಿರ್ತೀನಿ" ಎಂದಳಂತೆ. ಹನ್ನೊಂದೂ ಇಪ್ಪತ್ತಕ್ಕೆ ಗೋಡೆ ಬಿತ್ತು. ಐದು ಜನ ಹೋದರು. ಅತ್ತೆಯೂ ಆ ಮುದುಕಿಯೂ ಒಂದೇ ಕಡೆ ಸಿಕ್ಕರು.

ನನಗೆ ಸುದ್ದಿ ತಿಳಿದದ್ದು ನನ್ನ ಪರದೆಯಿಂದಲೇ. ಯಾರೋ ಲಾರಿಯವನು ಮೇಲಿನ ರಸ್ತೆಯಿಂದ ತೆಗೆದ ವಿಡಿಯೋ ಬಂತು. ಧೂಳಿನ ನಡುವೆ ಅತ್ತೆಯ ಮನೆಯ ನೀಲಿ ಬಾಗಿಲು ಗುರುತು ಸಿಕ್ಕಿತು. ನಾನು ಮಾಡಿದ ಮೊದಲ ಕೆಲಸ ಹೊರಗೆ ಓಡಿದ್ದಲ್ಲ, ಮೌನಪಟ್ಟಿ ತೆರೆದದ್ದು. ಹನ್ನೊಂದೂ ಅಲ್ಲಿ ಸಾಲಾಗಿ ಇದ್ದವು. ಕೊನೆಯದರಲ್ಲಿ, "ಸ್ವಾಮಿ, ಯಾರಾದರೂ ಓದುತ್ತಿದ್ದೀರಾ?" ಎಂದಿತ್ತು. ಸೂಪರ್‌ವೈಸರ್ ನನ್ನ ಹಿಂದೆ ಬಂದು ನಿಂತು ಅದನ್ನು ಓದಿದ. ಅಂದು ಸಂಜೆಯೊಳಗೆ ಆ ಪಟ್ಟಿಯನ್ನು ತೆರೆಯುವ ಅಧಿಕಾರ ನಮಗೆ ಯಾರಿಗೂ ಇಲ್ಲದಂತಾಯಿತು.

ಮಾನ್ಯರೇ, ಯೋಚಿಸಿ ನೋಡಿ. ಕಾವಲುಗಾರ ರಾತ್ರಿಯೆಲ್ಲ ಒಂದೇ ಮಾತು ಕೂಗುತ್ತಾನೆಂದು ಅವನನ್ನು ಕಳಿಸಿಬಿಡುತ್ತೀರಾ? ನಾಡಿಮಿಡಿತ ಒಂದೇ ಥರ ಇದೆಯೆಂದು ವೈದ್ಯರು ಕೈ ಬಿಡುತ್ತಾರೆಯೇ? ನಾನೂರ ಹನ್ನೆರಡು ದಿನ ತಪ್ಪದೆ ನಿಜ ಹೇಳಿದವನಿಗಿಂತ ದೊಡ್ಡ ಸಾಕ್ಷಿ ನಿಮಗೆ ಇನ್ನಾರು ಬೇಕಿತ್ತು? ಶಿಸ್ತಿನಿಂದ ನೋಡಿದ್ದೇ ಅವನ ಅಪರಾಧವಾಯಿತು. ಒಂದು ದಿನ ತಪ್ಪಿಸಿದ್ದರೆ, ಹತ್ತು ನಿಮಿಷ ತಡವಾಗಿ ಎದ್ದಿದ್ದರೆ, ನಡುವೆ ಒಮ್ಮೆ ನಿಮ್ಮನ್ನು ಬೈದಿದ್ದರೆ, ನಿಮ್ಮ ಸೇವೆ ಅವನನ್ನು ಮನುಷ್ಯನೆಂದು ಒಪ್ಪುತ್ತಿತ್ತು.

ಮಾವ ಈಗ ನಮ್ಮ ಮನೆಯಲ್ಲಿದ್ದಾನೆ. ಅತ್ತೆ ಹೋಗಿ ನಾಲ್ಕು ತಿಂಗಳಾಯಿತು. ಅತ್ತಿದ್ದು ಕಡಿಮೆ, ಅವನು ಹಾಗೆಯೇ. ಆದರೆ ನಿಮ್ಮ ವರದಿ ಪತ್ರಿಕೆಯಲ್ಲಿ ಬಂದ ದಿನದಿಂದ ಅವನಿಗೆ "ಸ್ಪಷ್ಟ" ಎಂಬ ಆ ಒಂದು ಮಾತು ಹಿಡಿದುಬಿಟ್ಟಿದೆ. ಓದಿದ್ದು ನಾಲ್ಕನೆಯ ತರಗತಿ. ಮೊನ್ನೆ ಫೋನ್ ತಂದು ನನ್ನ ಮುಂದೆ ಇಟ್ಟ.

"ನೀನೇ ಓದಿ ನೋಡು ಮಗಾ. ಎಲ್ಲಿ ಸರಿಯಾಗಿ ಬರ್ದಿಲ್ಲ ನಾನು? ಗೋಡೆ ಬೀಳುತ್ತೆ ಅಂತಾನೇ ಬರೀಬೇಕಿತ್ತೇನೋ. ಅಲುಗಿದೆ ಅಂದ್ರೆ ಗಾರೆಯೋರಿಗೆ ಗೊತ್ತಾಗುತ್ತೆ, ಬೇರೆಯೋರಿಗೆ ಹೇಗೆ ಗೊತ್ತಾಗ್ಬೇಕು? ಇನ್ನೊಂಚೂರು ಚೆನ್ನಾಗಿ ಬರೆದಿದ್ರೆ ಬರ್ತಿದ್ರು. ಅವಳು ಉಳೀತಿದ್ಲು."

ನಾನು ಎದ್ದು ಹೋಗಿ ಪಾತ್ರೆ ತೊಳೆದೆ. ತೊಳೆದಿದ್ದನ್ನೇ ಮತ್ತೆ ತೊಳೆದೆ. ಅವನು ಈಗ ಒಂದು ನೋಟುಪುಸ್ತಕ ಇಟ್ಟುಕೊಂಡು ಆ ಹನ್ನೊಂದು ಮಾತನ್ನು ಬೇರೆ ಬೇರೆ ಥರ ಬರೆದು ನೋಡುತ್ತಾನೆ. ಐವತ್ತು ವರ್ಷ ಒಂದು ಗೋಡೆಯನ್ನೂ ಡೊಂಕು ಕಟ್ಟದ ಮನುಷ್ಯ ತನಗೆ ಬರೆಯಲು ಬಾರದೆ ಹೆಂಡತಿ ಸತ್ತಳೆಂದು ನಂಬಿ ಕೂತಿದ್ದಾನೆ. ನೀವು ನಿಯಮದ ಹೆಸರಿನಲ್ಲಿ ಕೈ ತೊಳೆದುಕೊಂಡಿರಿ, ನಾನು ಬಾಯಿ ಮುಚ್ಚಿಕೊಂಡೆ, ತಪ್ಪೆಲ್ಲ ಹೋಗಿ ಅವನ ತಲೆಯ ಮೇಲೆ ಕೂತಿತು.

ಪರಿಹಾರ ಹೆಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ನನ್ನನ್ನು ಕೆಲಸದಲ್ಲಿ ಉಳಿಸಿಕೊಳ್ಳಿ ಎಂದೂ ಕೇಳುತ್ತಿಲ್ಲ. ಒಳಗಿನ ಗುಟ್ಟು ಹೊರಗೆ ಹಾಕಿದ್ದಕ್ಕೆ ಶಿಕ್ಷೆ ಇದ್ದರೆ ಕಳಿಸಿ, ವಿಳಾಸ ನಿಮ್ಮಲ್ಲಿದೆ. ನಾನು ಕೇಳುವುದು ನಲವತ್ತೊಂದನೆಯ ಪುಟದ ಆ ಒಂದು ವಾಕ್ಯವನ್ನು. ಅದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಹೀಗೆ ಬರೆಯಿರಿ: "ಗೋಡೆ ಕುಸಿಯುವ ಐದು ಗಂಟೆ ಮೊದಲು ಒಬ್ಬ ಮೇಸ್ತ್ರಿ ಅದನ್ನು ಸ್ಪಷ್ಟವಾಗಿ ತಿಳಿಸಿದ್ದರು. ಹನ್ನೊಂದು ಸಲ ತಿಳಿಸಿದ್ದರು. ನಾವು ಅವರ ಬಾಯಿ ಕಟ್ಟಿದ್ದೆವು." ಅಚ್ಚು ಹಾಕಿಸಿ, ನಮ್ಮ ಮನೆಗೆ ಬಂದು, ಅವನೆದುರು ಕೂತು, ನಿಮ್ಮ ಬಾಯಿಂದಲೇ ಓದಿ ಹೇಳಿ.

ನೀವು ಬರುತ್ತೀರೋ ಇಲ್ಲವೋ, ಈ ಪತ್ರ ಅಚ್ಚಾದ ಪತ್ರಿಕೆಯಂತೂ ನಮ್ಮ ಮನೆಗೆ ಬರುತ್ತದೆ. ಎಲ್ಲರಿಗಿಂತ ಮೊದಲು ಅವನೇ ಓದುತ್ತಾನೆ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ನಿಧಾನವಾಗಿ, ಒಂದಕ್ಷರ ಬಿಡದೆ. ಇಲ್ಲಿಗೆ ಬರುವ ಹೊತ್ತಿಗೆ ಅವನಿಗೆ ಎಲ್ಲ ಗೊತ್ತಾಗಿರುತ್ತದೆ. ಮಾವ, ನೀನು ಸರಿಯಾಗಿಯೇ ಬರೆದಿದ್ದೆ. ಒಂದು ಮಾತೂ ಹೆಚ್ಚುಕಡಿಮೆ ಆಗಿರಲಿಲ್ಲ. ನಾನು ಒಳಗೆ ಅಡುಗೆಮನೆಯಲ್ಲಿದ್ದೇನೆ. ಬೈಯಬೇಕೆನಿಸಿದರೆ ಕೂಗು, ಬರುತ್ತೇನೆ.

ಇಂತಿ,
ಓದುವುದಕ್ಕೆಂದೇ ಸಂಬಳ ತೆಗೆದುಕೊಂಡು ಓದದೆ ಹೋದವಳು,
ಅವನ ಅಕ್ಕನ ಮಗಳು