ಮೊಕ್‌ಗೋಲ್ ನಿಲ್ದಾಣದ ಬೆಂಚನ್ನು ಊರ ಕಡೆಗೇ ತಿರುಗಿಸಿ

ಹಳೆಯ ರೈಲು ನಿಲ್ದಾಣಗಳನ್ನು ಸರಿಪಡಿಸುವ ಇಲಾಖೆಯ ಮುಖ್ಯಸ್ಥರಾದ ಮಾನ್ಯರೇ,

ಸರಿಯಾಗಿದ್ದುದನ್ನು ನೀವು ಸರಿಪಡಿಸಿಬಿಟ್ಟಿದ್ದೀರಿ. ನಮ್ಮ ಮೊಕ್‌ಗೋಲ್ ನಿಲ್ದಾಣದ ಬೆಂಚು ಐವತ್ತು ವರ್ಷ ಹಳಿಗೆ ಬೆನ್ನು ಹಾಕಿ, ಊರಿಗೆ ಮುಖ ಮಾಡಿ ನಿಂತಿತ್ತು. ಕಳೆದ ತಿಂಗಳು ನಿಮ್ಮವರು ನಾಲ್ಕು ಬೋಲ್ಟು ಬಿಚ್ಚಿ ಅದನ್ನು ಹಳಿಯ ಕಡೆ ತಿರುಗಿಸಿದರು. ಪಕ್ಕದಲ್ಲಿ ಒಂದು ಫಲಕವನ್ನೂ ನೆಟ್ಟರು: “ಅಶಿಕ್ಷಿತ ಗಣಿ ಕಾರ್ಮಿಕರು ತಿಳಿಯದೆ ತಿರುವುಮುರುವಾಗಿ ಕೂರಿಸಿದ್ದ ಆಸನ. ಇಲಾಖೆಯು ಸರಿಪಡಿಸಿದೆ.” ನಾನೂ ಶಾಲೆಯನ್ನು ಅರ್ಧಕ್ಕೆ ಬಿಟ್ಟವನು. ಬೆಂಚಿನ ಹಿಂದು ಮುಂದು ತಿಳಿಯಲು ಎಷ್ಟನೆಯ ತರಗತಿಯವರೆಗೆ ಓದಬೇಕೆಂದು ದಯವಿಟ್ಟು ತಿಳಿಸುವುದು.

ಈ ನಿಲ್ದಾಣ ಯಾವ ವೇಳಾಪಟ್ಟಿಯಲ್ಲೂ ಇರಲಿಲ್ಲ. ಕಣಿವೆಯ ಮೇಲಿನ ಕಲ್ಲಿದ್ದಲು ಗಣಿಗೆ ಹೋಗುವವರಿಗಾಗಿ ಪಾಳಿ ಬದಲಾಗುವ ಹೊತ್ತಿಗೆ ಮಾತ್ರ ಇಲ್ಲಿ ರೈಲು ನಿಲ್ಲುತ್ತಿತ್ತು. ಟಿಕೆಟ್ ಕಿಟಕಿಯಿಲ್ಲ, ಗಡಿಯಾರವಿಲ್ಲ, ಒಂದೂವರೆ ಬೋಗಿಯಷ್ಟೇ ಉದ್ದದ ಕಟ್ಟೆ. ಸುರಂಗಕ್ಕೆ ಆನಿಕೆ ಕೊಟ್ಟು ಮಿಕ್ಕ ಮರದಿಂದ ಬೆಂಚನ್ನು ಮಾಡಿದ್ದು ನನ್ನ ತಾತ. ಹಳಿಗೆ ಬೆನ್ನು ಮಾಡಿ ಕೂತರೆ ರೈಲು ಬಂದದ್ದು ತಿಳಿಯುವುದು ಹೇಗೆ ಎಂದು ನಿಮ್ಮ ತಜ್ಞರು ಕೇಳಬಹುದು. ಬೆಂಚು ನಡುಗುತ್ತಿತ್ತು, ಸ್ವಾಮಿ. ಕಣ್ಣಿಗಿಂತ ಮೊದಲು ಕುಂಡೆಗೆ ಸುದ್ದಿ ಮುಟ್ಟುತ್ತಿತ್ತು.

ಗಣಿಯವರ ಮನೆಗಳಲ್ಲಿ ಗಂಡಸರ ಶೂಗಳನ್ನು ಹೊಸ್ತಿಲಲ್ಲಿ ಮೂತಿ ಒಳಗೆ ಮಾಡಿ ಇಡುತ್ತಾರೆ. ಶೂ ಎತ್ತ ನೋಡುತ್ತದೋ ಮನುಷ್ಯ ಅತ್ತ ಬರುತ್ತಾನೆ ಎಂಬ ನಂಬಿಕೆ. ಬೆಂಚೂ ಹಾಗೆಯೇ: ಗಣಿಗೆ ಹೊರಟವನು ಕೊನೆಯದಾಗಿ ಮನೆಯನ್ನು ನೋಡಬೇಕು. ಹೊಸಬ ಮಾಂಗ್ ಎಂಬಾತ ಇದೆಲ್ಲ ಅಡುಗೂಲಜ್ಜಿ ಕತೆ ಎಂದು ನಕ್ಕು, ಒಂದು ಬೆಳಿಗ್ಗೆ ಹಳಿಯತ್ತ ಕಾಲು ಚಾಚಿ ಕೂತನಂತೆ. ಅವತ್ತು ಪಾಳಿ ಮುಗಿಸಿ ಬರುವಾಗ ರೈಲಿನಲ್ಲೇ ನಿದ್ದೆಹೋಗಿ, ನಮ್ಮ ನಿಲ್ದಾಣ ದಾಟಿ, ಸಮುದ್ರದ ದಂಡೆಯ ಕೊನೆಯ ಊರಿನಲ್ಲಿ ಇಳಿದ. ಮಾರನೆಯ ದಿನ ಒಣಗಿಸಿದ ಸ್ಕ್ವಿಡ್ ಮೀನಿನ ಕಟ್ಟು ಹಿಡಿದು ಹೆಂಡತಿಯ ಮುಂದೆ ನಿಂತ. ಆಮೇಲೆ ಅವನಷ್ಟು ನೆಟ್ಟಗೆ ಊರ ಕಡೆ ಕೂತವರು ಇನ್ನೊಬ್ಬರಿಲ್ಲ.

ಸುಳ್ಳು ಹೇಳಲಾರೆ. ಸರಿಯಾಗಿ ಕೂತವರಲ್ಲೂ ಒಂಬತ್ತು ಮಂದಿ ಮರಳಲಿಲ್ಲ. ಅವರಲ್ಲಿ ನನ್ನ ತಾತನೂ ಒಬ್ಬ. ಬೆಂಚಿಗೆ ಅಂಥ ಶಕ್ತಿಯೇನೂ ಇಲ್ಲವೆಂದು ನನ್ನ ಅಜ್ಜಿ ಓಕ್‌ಬುನ್‌ಗೂ ಗೊತ್ತು. ಆದರೂ ಗಣಿ ಮುಚ್ಚಿ ಮೂವತ್ತೊಂದು ವರ್ಷವಾದರೂ ಅವಳು ದಿನಾ ಮಧ್ಯಾಹ್ನ ಅಲ್ಲಿ ಕೂತು, ತಾತ ಕೊನೆಗೆ ನೋಡಿದ್ದನ್ನು ತಾನೂ ನೋಡುತ್ತಿದ್ದಳು: ನಮ್ಮ ಮನೆಯ ಚಾವಣಿ, ಕಿಮ್ಚಿ ಉಪ್ಪಿನಕಾಯಿಯ ಜಾಡಿಗಳು, ಒಗೆದು ಹರವಿದ ನನ್ನ ಚಡ್ಡಿ. ಈಗ ಆ ಬೆಂಚಿನಲ್ಲಿ ಕೂತರೆ ಗಣಿಯ ಕರಿ ಗುಡ್ಡ ಕಾಣುತ್ತದೆ. ಅದಕ್ಕೇ ಅವಳು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರುತ್ತಾಳೆ. ಎಪ್ಪತ್ತೊಂಬತ್ತು ವರ್ಷದ ಸೊಂಟಕ್ಕೆ ಬಕೆಟ್ಟು ಒಗ್ಗೀತೇ?

ಬೆಂಚನ್ನು ನಾನು ಎರಡು ಸಲ ಮೊದಲಿನಂತೆ ತಿರುಗಿಸಿದೆ. ನಿಮ್ಮವರು ಎರಡು ಸಲವೂ ಹಿಂದಕ್ಕೆ ತಿರುಗಿಸಿದರು. ಕೊನೆಗೆ ಎಚ್ಚರಿಕೆ ಕೊಡಲು ಪರಿವೀಕ್ಷಕ ಪ್ಯೋ ಅವರನ್ನು ನಮ್ಮ ಮನೆಗೆ ಕಳಿಸಿದಿರಿ. ಅವರು ಶೂ ಬಿಚ್ಚಿಟ್ಟು ಒಳಗೆ ಕೂತು, ನಿಯಮ ಓದಿದರು.

“ನೋಡಿ ಅಜ್ಜಿ, ಪ್ರಯಾಣಿಕರು ರೈಲು ಬರೋ ಕಡೆ ಮುಖ ಮಾಡಿ ಕೂರ್ಬೇಕು.”

“ಯಾವ ರೈಲಪ್ಪಾ?” ಎಂದಳು ಅಜ್ಜಿ.

ಅವರು ಕಾಗದವನ್ನು ಮಗುಚಿ ನೋಡಿದರು. ಅದರಲ್ಲಿ ರೈಲಿನ ವಿಷಯ ಇರಲಿಲ್ಲ. ಅಜ್ಜಿ ಆಲೂಗಡ್ಡೆ ತುರಿದು ಹುಯ್ದ ದೋಸೆ ಕೊಟ್ಟಳು, ಅವರು ಮೂರು ತಿಂದರು. ಅಷ್ಟರಲ್ಲಿ ಅವಳು ಹೊಸ್ತಿಲಿಗೆ ಹೋಗಿ ಅವರ ಶೂಗಳ ಮೂತಿಯನ್ನು ಒಳಗೆ ತಿರುಗಿಸಿಟ್ಟಳು. ಬೇಕೆಂದೇ ಮಾಡಿದ್ದಲ್ಲ, ಕೈಗೆ ಅದೇ ರೂಢಿ. ಪ್ಯೋ ಅವರು ಹೊರಟ ಅರ್ಧ ಗಂಟೆಯಲ್ಲೇ ಕೊಡೆ ಮರೆತೆನೆಂದು ಬಂದರು. ಮಾರನೆಯ ದಿನ ಅಳತೆ ಪಟ್ಟಿ ಬಿಟ್ಟುಹೋಗಿದೆ ಎಂದು ಬಂದರು. ಮೊನ್ನೆ ಬಂದವರು ಏನನ್ನೂ ಮರೆತಿರಲಿಲ್ಲ. ಸುಮ್ಮನೆ ಕೂತು, “ಅಜ್ಜಿ, ಆ ದೋಸೆ ಇದ್ಯಾ?” ಎಂದು ಕೇಳಿದರು. ನಾನು ಮೂಢನಂಬಿಕೆಯವನಲ್ಲ. ಆದರೆ ಲೆಕ್ಕ ಹಾಕಿ ನೋಡಿ.

ಬರುವ ಶನಿವಾರ ನೀವು ಇಲ್ಲಿ ರಿಬ್ಬನ್ ಕತ್ತರಿಸಲಿದ್ದೀರಿ. ಅದಕ್ಕೆ ಮೊದಲು ಬೆಂಚನ್ನು ಊರ ಕಡೆ ತಿರುಗಿಸಬೇಕು, ಫಲಕದಿಂದ “ತಿಳಿಯದೆ” ಎಂಬ ಪದವನ್ನು ಕಿತ್ತು ನಿಮ್ಮ ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಆಗದೆಂದಾದರೆ ಕಾರಣ ಹೇಳಲು ತಾವೇ ನಮ್ಮ ಮನೆಗೆ ದಯಮಾಡಿಸಿ. ಶೂಗಳನ್ನು ಹೊಸ್ತಿಲಲ್ಲಿ ಬಿಟ್ಟು ಒಳಗೆ ಬನ್ನಿ. ಉಳಿದದ್ದನ್ನು ಅಜ್ಜಿ ನೋಡಿಕೊಳ್ಳುತ್ತಾಳೆ.

ಇಂತಿ,
ಎರಡು ಸಲ ಬೋಲ್ಟು ಬಿಚ್ಚಿದ್ದನ್ನು ಒಪ್ಪಿಕೊಂಡಿರುವ, ಸ್ಪ್ಯಾನರನ್ನು ಮಾತ್ರ ಒಪ್ಪಿಸದ,
ತಾಕ್ ದಾಲ್‌ಸು
ಮೊಕ್‌ಗೋಲ್, ಬಕೆಟ್ಟಿನ ಪಕ್ಕದಿಂದ